ನುಂಗಿದ ಸಾಲುಗಳು

ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಗಡಿಬಿಡಿ ಎಂದೇ ಕರೆದರು. ಹಾಲು ಕಾಯುವ ಮೊದಲೇ ಲೋಟ ಹಿಡಿದು ನಿಲ್ಲುವ, ಎಡಗಾಲಿನ ಚಪ್ಪಲಿಗೆ ಬಲಗಾಲು ತೂರಿಸಿ ಓಡುವ ಹುಡುಗಿಗೆ ಅಣ್ಣ ಇಟ್ಟ ಹೆಸರು ಅದು. ಮೂವತ್ತು ದಾಟಿ, ಲಿಫ್ಟಿನ ಫಲಕಗಳನ್ನು ತಯಾರಿಸುವ ಕಂಪನಿಯಲ್ಲಿ ಒಳ್ಳೆಯ ಕೆಲಸ ಹಿಡಿದ ಮೇಲೂ ಹೆಸರು ಹೋಗಲಿಲ್ಲ, ಗುಣವೂ ಹೋಗಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗಾದೆ ಕಟ್ಟಿದವರು ಗಂಡಸರನ್ನಷ್ಟೇ ನೋಡಿದ್ದರೋ ಏನೋ. ಈ ವಿಷಯದಲ್ಲಿ ಹೆಂಗಸರೇನೂ ಹಿಂದೆ ಬಿದ್ದಿಲ್ಲ.

ಅಣ್ಣನಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ಅವಳಿಗಿಂತ ಬಹಳ ದೊಡ್ಡವನು. ಅವನು ಕಂಪ್ಯೂಟರ್ ಕಲಿಯುವ ಕಾಲಕ್ಕೆ ಪರದೆಯನ್ನು ಓದಿ ಹೇಳುವ ಯಂತ್ರ ಆ ಮನೆಯಲ್ಲಿರಲಿಲ್ಲ, ತಂಗಿ ಇದ್ದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಮೂಡಿದಂತೆ ಅವಳು ಕುರ್ಚಿಯ ಮೇಲೆ ಮೊಣಕಾಲೂರಿ ಓದಬೇಕು, ಅವನು ಕೇಳಬೇಕು. ಆಟಕ್ಕೆ ಹೊತ್ತಾಯಿತೆಂದರೆ ಅವಳು ನಡುವಿನ ಸಾಲುಗಳನ್ನು ಹಾರಿಸಿ ನೇರ ಕೊನೆಯದಕ್ಕೆ ಬರುತ್ತಿದ್ದಳು. ಅವನಿಗೆ ಅದು ಹೇಗೋ ತಿಳಿದುಬಿಡುತ್ತಿತ್ತು. “ಸಾಲು ನುಂಗ್ಬೇಡ, ಗಡಿಬಿಡಿ. ಮೊದ್ಲಿಂದ ಓದು.” ಅವಳ ಈಗಿನ ವಿದ್ಯೆಯೆಲ್ಲ ಆ ಕುರ್ಚಿಯ ಮೇಲೆ ಬಂದದ್ದು.

ಈಗ ಅಣ್ಣ ಒಂದು ದೊಡ್ಡ ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ. ಅವನ ಮೇಜಿನ ಮೇಲೆ ಓದುವ ಯಂತ್ರವೂ ಇದೆ. ಪರದೆಗೆ ಬಂದ ಪ್ರತಿ ಸಾಲನ್ನೂ ಅದು ರಾಗವಿಲ್ಲದ ದನಿಯಲ್ಲಿ ಗಡಗಡನೆ ಒಪ್ಪಿಸುತ್ತದೆ. ಅವನಂತೆಯೇ ಕಣ್ಣಿಲ್ಲದ ಬಳಕೆದಾರರ ಗುಂಪೊಂದು ಬೇರೆಬೇರೆ ಊರುಗಳಲ್ಲಿ ಹರಡಿಕೊಂಡಿದೆ. ಹೊಸದೇನು ಬಂದರೂ ಅವರು ಮೊದಲು ಅಣ್ಣನ ಮಾತಿಗೆ ಕಾಯುತ್ತಾರೆ. ಅವನು ಸೈ ಅಂದರೆ ಸೈ.

ಗಡಿಬಿಡಿಗೆ ಕಂಪನಿಯ ಕೆಲಸ ಹೊಟ್ಟೆಪಾಡಿಗಾದರೆ, ಮನಸ್ಸಿಗೆ ಬೇರೊಂದಿತ್ತು. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್. ಕಂಪ್ಯೂಟರನ್ನು ನಡೆಸುವ ಈ ತಿರುಳಿನೊಳಗೆ, ಆ ಕಪ್ಪು ಪರದೆಗೆ ಅಕ್ಷರ ಮುಟ್ಟಿಸುವ ಪುಟ್ಟ ಭಾಗ: ಕನ್ಸೋಲ್ ಡ್ರೈವರ್. ಹಳೆಯ ಕಾಲದ ಬರಹ ಅದು, ಬಹಳ ನಿಧಾನ. ಹೊಸ ಸಾಲೊಂದು ಬಂದರೆ ಇಡೀ ಪರದೆಯನ್ನು ಅಳಿಸಿ ಮತ್ತೆ ಬರೆಯುತ್ತಿತ್ತು, ಒಂದು ಚಮಚ ತೊಳೆಯಲು ಇಡೀ ಅಡುಗೆಮನೆ ತೊಳೆದ ಹಾಗೆ. ಅವಳು ಅದನ್ನು ತಿದ್ದತೊಡಗಿದಳು.

ಅಲ್ಲಿ ತಿದ್ದುಪಡಿ ಕಳಿಸುವುದಕ್ಕೆ ಒಂದು ಕ್ರಮವಿದೆ. ಎಲ್ಲರೂ ಓದುವ ಮೇಲಿಂಗ್ ಲಿಸ್ಟಿಗೆ ಕಳಿಸಬೇಕು. ಜನ ಹುಳುಕು ಹುಡುಕುತ್ತಾರೆ. ತಿದ್ದಿ ಎರಡನೆಯ ಆವೃತ್ತಿ, ಮೂರನೆಯ ಆವೃತ್ತಿ ಎಂದು ಕಳಿಸುತ್ತಾ ಹೋಗಬೇಕು. ಯಾರಾದರೂ ತಮ್ಮ ಯಂತ್ರದಲ್ಲಿ ಹಾಕಿ ನೋಡಿ ಸರಿಯಿದೆ ಅಂದರೆ, ‘ಪರೀಕ್ಷಿಸಿದವರು’ ಎಂದು ಅವರ ಹೆಸರನ್ನು ಕೆಳಗೆ ಸೇರಿಸಬಹುದು. ಆದರೆ ಆಮೇಲೆ ತಿದ್ದುಪಡಿಯ ಹೂರಣವೇ ಬದಲಾದರೆ ಆ ಹೆಸರನ್ನು ತೆಗೆಯಬೇಕು. ನೋಡದ್ದನ್ನು ನೋಡಿದೆ ಎಂದು ಒಬ್ಬರ ಬಾಯಲ್ಲಿ ಹೇಳಿಸಬಾರದು, ಅಷ್ಟೇ. ಇದು ಅಲ್ಲಿ ಕಾಲಿಟ್ಟ ಹೊಸಬರಿಗೂ ಗೊತ್ತು.

ಮೂರನೆಯ ಆವೃತ್ತಿಯನ್ನು ಅಣ್ಣ ಒಂದು ಸಂಜೆ ಪೂರ್ತಿ ಕೂತು ಪರೀಕ್ಷಿಸಿದ. ಬದಲಾದ ಅಕ್ಷರಗಳನ್ನಷ್ಟೇ ಬರೆಯುವ ಸೀದಾ ತಿದ್ದುಪಡಿ. “ಹಾಕು ನನ್ನ ಹೆಸರು” ಅಂದ. ಅವಳು ಹಾಕಿದಳು. ಡ್ರೈವರಿನ ಉಸ್ತುವಾರಿ ಹೊತ್ತಿದ್ದ ಹಿರಿಯರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಅವರು ಮೆಚ್ಚಿ, ಇನ್ನಷ್ಟು ವೇಗ ಸಾಧ್ಯವೇ ಎಂದು ಕೇಳಿದರು. ತಮಗೆ ವಯಸ್ಸಾಯಿತು, ಈ ಡ್ರೈವರನ್ನು ಒಳ್ಳೆಯ ಕೈಗೆ ಒಪ್ಪಿಸಬೇಕು ಎಂದೂ ಒಂದು ಸಾಲು ಸೇರಿಸಿದ್ದರು. ಆ ಒಂದು ಸಾಲು ಅವಳ ತಲೆಗೇರಿತು.

ನಾಲ್ಕನೆಯ ಆವೃತ್ತಿಯಲ್ಲಿ ಅವಳು ಹೊಸ ಉಪಾಯ ಹೂಡಿದಳು. ಸಾಲುಗಳು ನುಗ್ಗಿಕೊಂಡು ಬಂದಾಗ ನಡುವಿನವನ್ನು ಪರದೆಗೆ ಬರೆಯುವುದೇ ಬೇಡ. ಕೊನೆಗೆ ನಿಲ್ಲುವಷ್ಟನ್ನು ಬರೆದರೆ ಸಾಕು. ‘ಯಾರ ಕಣ್ಣಿಗೂ ಕಾಣುವಷ್ಟು ಹೊತ್ತು ನಿಲ್ಲದ ಸಾಲುಗಳನ್ನು ಬರೆಯುವುದೇಕೆ?’ ಎಂದು ವಿವರಣೆಯಲ್ಲಿ ಜಂಬದಿಂದ ಬರೆದಳು. ಕಂಪ್ಯೂಟರ್ ಶುರುವಾಗುವ ಸಮಯ ಅರ್ಧಕ್ಕಿಳಿಯಿತು. ಅಣ್ಣನಿಗೆ ಫೋನ್ ಮಾಡಿದರೆ, “ಭಾನುವಾರ ತಗೊಂಡ್ ಬಾ, ಕೇಳಿ ನೋಡೋಣ” ಅಂದ. ಹೊಸ ತಿದ್ದುಪಡಿಗಳ ಬಾಗಿಲು ಶುಕ್ರವಾರ ಮುಚ್ಚುವುದಿತ್ತು. ಕಳಿಸುವ ಮುಂಚೆ ಹಳೆಯ ಆವೃತ್ತಿಯಿಂದ ಇಳಿದು ಬಂದಿದ್ದ ಅಣ್ಣನ ಹೆಸರು ಅವಳ ಕಣ್ಣಿಗೆ ಬಿತ್ತು. ಅಳಿಸಬೇಕು ಎಂದು ಗೊತ್ತಿತ್ತು. ಅಳಿಸಿದರೆ ‘ಓದುವ ಯಂತ್ರ ಬಳಸುವವರು ನೋಡಿದ್ದಾರೆಯೇ’ ಎಂದು ಯಜಮಾನರು ಕೇಳುತ್ತಾರೆ ಎಂದೂ ಗೊತ್ತಿತ್ತು. ಹೇಗೂ ಭಾನುವಾರ ನೋಡುತ್ತಾನಲ್ಲ ಎಂದುಕೊಂಡು ಕಳಿಸಿಬಿಟ್ಟಳು. ಭಾನುವಾರ ಅವಳಿಗೆ ನೆಗಡಿ. ಆಮೇಲೆ ಅವನೂ ಕೇಳಲಿಲ್ಲ, ಅವಳೂ ಎತ್ತಲಿಲ್ಲ.

ತಿದ್ದುಪಡಿ ಕರ್ನಲ್ ಸೇರಿತು. ಹೊಗಳಿಕೆ ಬಂತು. ಹಾಲು ಕುಡಿದಷ್ಟು ಸಂತೋಷಪಟ್ಟಳು.

ಹೊಸ ಕರ್ನಲ್ ಜನರ ಯಂತ್ರಗಳಿಗೆ ತಲುಪಿ ಕೆಲವು ತಿಂಗಳಾದ ಮೇಲೆ ಲಿಸ್ಟಿಗೆ ಒಂದು ಪತ್ರ ಬಂತು. ಬರೆದವನು ಅಣ್ಣನ ಗುಂಪಿನ ಒಬ್ಬ ಅನುವಾದಕ, ಅವನಿಗೂ ಕಣ್ಣಿಲ್ಲ. ಅವನ ಡಿಸ್ಕ್ ಕೆಡುತ್ತಿದೆ ಎಂದು ಕಂಪ್ಯೂಟರ್ ದಿನವೂ ಎಚ್ಚರಿಸುತ್ತಿತ್ತಂತೆ, ಆದರೆ ಬೇರೆ ಸಾಲುಗಳ ನೂಕುನುಗ್ಗಲಿನ ನಡುವೆ. ಓದುವ ಯಂತ್ರಕ್ಕೆ ಸುದ್ದಿ ಮುಟ್ಟುವುದು ಸಾಲನ್ನು ಪರದೆಗೆ ಬರೆದಾಗ ಮಾತ್ರ. ಬರೆಯದ ಸಾಲನ್ನು ಅದು ಓದುವುದು ಹೇಗೆ? ಡಿಸ್ಕ್ ಸತ್ತಿತು. ಅರ್ಧ ಮುಗಿದಿದ್ದ ಒಂದು ಪುಸ್ತಕದ ಅನುವಾದ ಅದರ ಜೊತೆಗೇ ಹೋಯಿತು. ಕೊನೆಯಲ್ಲಿ ಅವನು ಅಣ್ಣನನ್ನು ಕುರಿತು ಬರೆದಿದ್ದ: ‘ನಿಮ್ಮ ಹೆಸರು ನೋಡಿ ಹಾಕಿಕೊಂಡೆ. ಬೇರೆ ಯಾರ ಹೆಸರಿದ್ದರೂ ಕಾಯುತ್ತಿದ್ದೆ.’

ಕಂಪನಿಯ ಊಟದ ಕೋಣೆಯಲ್ಲಿ, ಕಾಫಿ ಯಂತ್ರದ ಪಕ್ಕ ನಿಂತು ಅವಳು ಅದನ್ನು ಓದಿದಳು. ಮೊದಲು ಹೊಳೆದದ್ದು ಇದು: ಅರ್ಧ ಪುಸ್ತಕ ಬರೆದವನು ಒಂದು ನಕಲು ಇಟ್ಟುಕೊಳ್ಳಬಾರದಿತ್ತೇ? ಹೌದು, ಇಟ್ಟುಕೊಳ್ಳಬೇಕಿತ್ತು. ಆ ಹುಲ್ಲುಕಡ್ಡಿಯನ್ನು ಹಿಡಿದುಕೊಂಡು ಅವಳು ಮಧ್ಯಾಹ್ನವಿಡೀ ತೇಲಿದಳು. ಏನು ಉತ್ತರಿಸುವುದೆಂದು ಯೋಚಿಸುತ್ತಿರುವಾಗಲೇ ಅಣ್ಣನ ಉತ್ತರ ಬಂತು.

‘ಪರೀಕ್ಷಿಸಿದ್ದು ನಾನು. ಈ ದೋಷ ನನಗೆ ಕೇಳಿಸಬೇಕಿತ್ತು, ಕೇಳಿಸಲಿಲ್ಲ. ತಪ್ಪು ನನ್ನದು. ಕ್ಷಮಿಸಿ. ಇನ್ನು ಮುಂದೆ ಯಾವುದಕ್ಕೂ ನನ್ನ ಹೆಸರು ನೆಚ್ಚಿಕೊಳ್ಳಬೇಡಿ.’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲಿ ಎಮ್ಮೆ ತಾನೇ ಬಂದು ಬೆನ್ನು ಕೊಟ್ಟಿತ್ತು. ಅವಳ ಕಣ್ಣಲ್ಲಿ ನೀರು ಬಂತು: ತಂಗಿಯ ಮಾನ ಉಳಿಸಲು ಅಣ್ಣ ಸುಳ್ಳು ಹೇಳಿದ್ದಾನೆ! ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಯ ಅಡಿಯಲ್ಲಿ ತಣ್ಣಗೆ ಒಂದು ಸಮಾಧಾನವೂ ಇತ್ತು, ಮತ್ತು ಆ ಸಮಾಧಾನದ ಬಗ್ಗೆ ಇನ್ನೂ ಹೆಚ್ಚು ನಾಚಿಕೆಯಾಯಿತು. ಯಜಮಾನರು ಅವಳನ್ನು ಒಂದು ಮಾತೂ ಅನ್ನಲಿಲ್ಲ. ‘ಪರೀಕ್ಷಕರು ಎಚ್ಚರ ವಹಿಸಬೇಕು’ ಎಂದಷ್ಟೇ ಬರೆದು, ಬೇಗ ಸರಿಪಡಿಸಿ ಕಳಿಸು ಎಂದರು. ಆ ವಾರವಿಡೀ ಕಚೇರಿಯಲ್ಲಿ ಯಾರಾದರೂ ‘ಪರೀಕ್ಷೆ’ ಎಂಬ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡಾಯಿತು ಅವಳದು.

ಭಾನುವಾರ ಬೆಳಿಗ್ಗೆ ಅಣ್ಣನ ಮನೆಗೆ ಹೋದಳು. ಮೂರನೆಯ ಮಹಡಿ. ಅವನ ತ್ಯಾಗಕ್ಕೆ ಹೇಗೆ ಕೃತಜ್ಞತೆ ಹೇಳುವುದೆಂದು ಮೆಟ್ಟಿಲುದ್ದಕ್ಕೂ ಮಾತು ಜೋಡಿಸಿಕೊಂಡಳು. ಅತ್ತಿಗೆ ಬಾಗಿಲು ತೆಗೆದಳು. ಮಾತಲ್ಲಿ ಮೆಣಸಿನಕಾಯಿ ಇಟ್ಟುಕೊಂಡ ಹೆಂಗಸು, ಅಂದು ಮೆಲ್ಲಗೆ ಮಾತಾಡಿದಳು.

“ಬಂದ್ಯಾ, ಒಳ್ಳೇದಾಯ್ತು. ಸ್ವಲ್ಪ ಧೈರ್ಯ ಹೇಳು ನಿಮ್ಮಣ್ಣಂಗೆ. ಮೊನ್ನೆ ಕಿವಿ ಡಾಕ್ಟರ ಹತ್ರ ಕರ್ಕೊಂಡ್ ಹೋಗಿದ್ದೆ.”

“ಕಿವೀಗೇನಾಯ್ತು?”

“ಏನೂ ಆಗಿಲ್ಲ ಅಂದ್ರು ಡಾಕ್ಟ್ರು. ಇವರು ನಂಬ್ತಿಲ್ಲ. ಇನ್ನೊಬ್ಬ ಡಾಕ್ಟರನ್ನ ಹುಡುಕು ಅಂತಾರೆ.”

ಒಳಗೆ ಅಣ್ಣ ಓದುವ ಯಂತ್ರದ ಮುಂದೆ ಕೂತಿದ್ದ. ಎಂದಿನ ವೇಗವಿರಲಿಲ್ಲ, ಮಗುವಿಗೆ ಓದಿಸುವಷ್ಟು ನಿಧಾನಕ್ಕೆ ಇಳಿಸಿ, ಅದು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸುತ್ತಿದ್ದ. ತಂಗಿಯ ಹೆಜ್ಜೆ ಗುರುತಿಸಿ ನಕ್ಕ.

“ಬಾ, ಗಡಿಬಿಡಿ. ನಿನ್ನನ್ನೇ ಕೇಳ್ಬೇಕು ಅಂತಿದ್ದೆ. ಆ ನಾಲ್ಕನೇದನ್ನ ನಾವು ಯಾವತ್ತು ನೋಡಿದ್ದು? ಮೂರನೇದರ ದಿನಾನೇನಾ? ಎಷ್ಟು ಯೋಚ್ನೆ ಮಾಡಿದ್ರೂ ನೆನಪಿಗೆ ಬರ್ತಿಲ್ಲ. ನಿನ್ನೆ ಹಾಕಿ ನೋಡಿದೆ. ಸಾಲುಸಾಲೇ ನುಂಗತ್ತೆ! ಇಷ್ಟು ದೊಡ್ಡ ತಪ್ಪು ಅವತ್ತು ನನಗೆ ಕೇಳಿಸ್ಲಿಲ್ಲ ಅಂದ್ರೆ ಹೇಗೆ?” ಅವನು ಕಿವಿಯ ಹಿಂದೆ ಬೆರಳಿಟ್ಟುಕೊಂಡ. “ಕಣ್ಣಿಲ್ಲ ಅಂತ ನಾನು ಯಾವತ್ತೂ ಅತ್ತೋನಲ್ಲ. ಇದೂ ಹೋದ್ರೆ ಏನ್ ಮಾಡ್ಲಿ, ಹೇಳು. ಗ್ರಂಥಾಲಯದಲ್ಲಿ ರಾಜೀನಾಮೆ ಕೊಟ್ಬಿಡ್ಲಾ ಅಂತ ಕೂಡ ಯೋಚ್ನೆ ಬಂತು.”

ಅವನು ಸುಳ್ಳು ಹೇಳಿರಲಿಲ್ಲ. ತ್ಯಾಗವೂ ಅಲ್ಲ, ಮಣ್ಣೂ ಅಲ್ಲ. ಹೆಸರು ಹಾಕಿದವಳು ತಂಗಿ, ಹಾಗಾದರೆ ತಾನು ಪರೀಕ್ಷಿಸಿಯೇ ಇರಬೇಕು ಎಂದು ನಂಬಿದ್ದ. ತಂಗಿಯ ಮಾತನ್ನು ಅನುಮಾನಿಸುವ ಬದಲು ತನ್ನ ನೆನಪನ್ನೂ ತನ್ನ ಕಿವಿಯನ್ನೂ ಅನುಮಾನಿಸಿದ್ದ. ನೆಲ ಬಿರಿದು ನುಂಗಬಾರದೆ ಅನ್ನಿಸಿತು ಅವಳಿಗೆ. ನೆಲ ಬಿರಿಯಲಿಲ್ಲ. ಅತ್ತಿಗೆ ಬಂದು ಕಾಫಿ ಇಟ್ಟಳು, ಅಷ್ಟೇ.

ಆ ಗಳಿಗೆಯಲ್ಲೂ, ಹೇಳಿದರೆ ನಾಚಿಕೆಗೇಡು, ಅವಳಿಗೆ ಡ್ರೈವರು ನೆನಪಾಯಿತು. ಯಜಮಾನರ ಆ ಒಂದು ಸಾಲು. ‘ಕಿವಿ ಸರಿಯಾಗೇ ಇರತ್ತೆ ಬಿಡು, ಎಲ್ಲರಿಗೂ ಒಮ್ಮೊಮ್ಮೆ ಹೀಗಾಗತ್ತೆ’ ಎಂದು ಬೆನ್ನು ಸವರಿ ಎದ್ದು ಬರಬಹುದಿತ್ತು. ಮಾತು ನಾಲಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಅವನು ಕೈ ಚಾಚಿ ಕಾಫಿಯ ಲೋಟ ಹುಡುಕಿದ. ಮೇಜಿಗೆ ಲೋಟ ತಾಕಿದ ಸದ್ದಿಗೇ ಜಾಗ ಹಿಡಿಯುತ್ತಿದ್ದವನು, ಇಂದು ತನ್ನ ಕಿವಿಯನ್ನು ನಂಬದೆ ಮೇಜಿನ ಅಂಚಿನಿಂದ ತಡವಿಕೊಂಡು ಹೋದ.

“ನೀನು ನೋಡೇ ಇಲ್ಲ ಅಣ್ಣ,” ಎಂದಳು. “ನಾಲ್ಕನೇದನ್ನ ನೀನು ನೋಡೇ ಇಲ್ಲ. ನಾನು ತರ್ಲೇ ಇಲ್ಲ. ಮೂರನೇದರಲ್ಲಿದ್ದ ಹೆಸರನ್ನ ಹಾಗೇ ಬಿಟ್ಟೆ.”

ಅವನ ಕೈ ಲೋಟದ ಹತ್ತಿರ ನಿಂತಿತು.

“ಮರ್ತು ಬಿಟ್ಯಾ?”

“ಇಲ್ಲ.”

ಅತ್ತಿಗೆಯ ಮೆಣಸಿನಕಾಯಿ ಈಗ ಸಿಡಿಯುತ್ತದೆ ಎಂದು ಕಾದಳು. ಸಿಡಿದರೆ ಎಷ್ಟೋ ಹಗುರವಾಗುತ್ತಿತ್ತು. ಅತ್ತಿಗೆ ಒಮ್ಮೆ ಅವಳ ಮುಖ ನೋಡಿ ಒಳಗೆ ಹೋದಳು. ಅಣ್ಣ ಕೈ ಹಿಂದಕ್ಕೆ ತಂದು ಕಿವಿ ಮುಟ್ಟಿಕೊಂಡ. ಆಮೇಲೆ, “ಹಾಗಾದ್ರೆ ನನ್ನ ಕಿವಿ ಚೆನ್ನಾಗಿದೆ” ಎಂದ. ಆ ದನಿಯಲ್ಲಿದ್ದ ಸಂತೋಷ ಕೇಳಿ ಅವಳಿಗೆ ಅಳು ತಡೆಯಲಾಗಲಿಲ್ಲ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅವನು ಕುರ್ಚಿ ಬಿಟ್ಟೆದ್ದ. “ಬಾ, ಕೂತ್ಕೋ. ಇಲ್ಲೇ ಬರಿ. ಆ ಅನುವಾದಕನಿಗೆ ಗೊತ್ತಾಗ್ಬೇಕು.”

ಅವಳು ಅವನ ಮೇಜಿನ ಮುಂದೆ ಕೂತು ಬರೆಯತೊಡಗಿದಳು. ಓದುವ ಯಂತ್ರ ಅವಳು ಒತ್ತಿದ ಒಂದೊಂದು ಅಕ್ಷರವನ್ನೂ, ಮುಗಿಸಿದ ಒಂದೊಂದು ಪದವನ್ನೂ ಕೋಣೆಗೆಲ್ಲ ಕೇಳುವಂತೆ ಹೇಳಿತು. ‘ನಾಲ್ಕನೆಯ ಆವೃತ್ತಿಯನ್ನು ಇವರು ಪರೀಕ್ಷಿಸಿಲ್ಲ. ಇವರ ಹೆಸರು ಕಣ್ತಪ್ಪಿನಿಂದ ಉಳಿದುಹೋಯಿತು.’ ಯಂತ್ರ ಅದನ್ನೂ ರಾಗವಿಲ್ಲದೆ ಓದಿತು. ಅಣ್ಣ ಗೋಡೆಗೆ ಒರಗಿ ಕೇಳುತ್ತಿದ್ದ, ಚಿಕ್ಕಂದಿನಲ್ಲಿ ಅವಳು ಸಾಲು ಹಾರಿಸಿದಾಗ ಕೇಳುತ್ತಿದ್ದ ಹಾಗೆ. ಅವಳು ‘ಕಣ್ತಪ್ಪಿನಿಂದ’ ಎಂಬುದನ್ನು ಅಳಿಸತೊಡಗಿದಳು. ಅಳಿಸಿದ ಅಕ್ಷರಗಳನ್ನೂ ಯಂತ್ರ ಒಂದೊಂದಾಗಿ ಕೂಗಿ ಹೇಳಿತು. ಕೊನೆಗೆ ಬರೆದಳು: ‘ತೆಗೆಯಬೇಕೆಂದು ಗೊತ್ತಿದ್ದೂ ಇವರ ಹೆಸರನ್ನು ನಾನು ಬಿಟ್ಟೆ. ತಪ್ಪು ಪೂರ್ತಿ ನನ್ನದು.’ ಕಳಿಸಿದಳು.

ಲಿಸ್ಟಿನಲ್ಲಿ ಒಂದೆರಡು ದಿನ ಬಿಸಿಬಿಸಿ ಮಾತಾದವು. ಅನುವಾದಕ ಅವಳಿಗೆ ಉತ್ತರ ಬರೆಯಲಿಲ್ಲ. ಅಣ್ಣನಿಗೆ ಫೋನ್ ಮಾಡಿ ಕ್ಷಮೆ ಕೇಳಿದನಂತೆ. ಡ್ರೈವರನ್ನು ಒಳ್ಳೆಯ ಕೈಗೆ ಒಪ್ಪಿಸುವ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ.

ಮುಂದಿನ ಭಾನುವಾರ ಅವಳು ಸರಿಪಡಿಸಿದ್ದನ್ನು ಹಿಡಿದು ಹೋದಳು. ಪರದೆಗೆ ಬರೆಯದ ಸಾಲುಗಳನ್ನೂ ಓದುವ ಯಂತ್ರಕ್ಕೆ ಸಾಲು ತಪ್ಪದೆ ಮುಟ್ಟಿಸುವ ತಿದ್ದುಪಡಿ. ಅಣ್ಣ ಬೆಳಿಗ್ಗೆ ಕೂತವನು ಊಟದ ಹೊತ್ತಿನವರೆಗೆ ಕೇಳಿದ, ಹಳೆಯ ವೇಗದಲ್ಲೇ. ಒಂದು ಸಾಲೂ ಬಿದ್ದುಹೋಗಲಿಲ್ಲ. “ಚೆನ್ನಾಗಿದೆ,” ಎಂದ, “ಬಹಳ ಚೆನ್ನಾಗಿದೆ.” ಅವಳ ತಲೆಯನ್ನೂ ಸವರಿದ. ಅವಳಿಗೆ ಜೀವ ಬಂದ ಹಾಗಾಯಿತು.

“ಹಾಗಾದ್ರೆ ನಿನ್ನ ಹೆಸರು ಹಾಕ್ಲಾ ಅಣ್ಣ?”

“ಬೇಡ,” ಎಂದ ಅವನು. ದನಿಯಲ್ಲಿ ಕೋಪವೇ ಇರಲಿಲ್ಲ. “ನೀನು ಕಳಿಸು. ಆಮೇಲೆ ನಾನೇ ಲಿಸ್ಟಿಗೆ ಬರೀತೀನಿ, ನೋಡಿದೀನಿ ಅಂತ. ಇನ್ಮೇಲೆ ಹಾಗೇ ಮಾಡೋಣ.”

ಅವಳು ಆಗಲಿ ಎಂದಳು. ಅತ್ತಿಗೆ ಊಟಕ್ಕೆ ಕರೆದಳು.