ಮೂವತ್ತೊಂದು ಕಡ್ಡಿ

ಸಮೀಕ್ಷೆಗೆಂದು ಓಣಿಗೆ ಬಂದ ಸಂಶೋಧಕಿ ಪಲುಪಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಅವಳು ಆರೋಗ್ಯ ಕಚೇರಿಗೆ ಎರಡು ಸಂಗತಿ ತಿಳಿಸಬೇಕಿತ್ತು. ಸಮೀಕ್ಷೆಗೆ ಯಾವ ವಿಧಾನ ಆರಿಸಿದಳು, ಆ ವಿಧಾನವನ್ನು ಈ ಓಣಿಯಲ್ಲಿ ಪ್ರಯೋಗಿಸಿ ನೋಡಿದಾಗ ಏನು ಸಿಕ್ಕಿತು. ಬಾಟಿಕ್ ಬಟ್ಟೆಗೆ ಬಣ್ಣ ಹಾಕುವ ಹೆಂಗಸರ ಕೈ ಬಿರಿಯುತ್ತಿದೆಯೆಂದು ಅಂಕಿಯಲ್ಲಿ ತೋರಿದರೆ ಓಣಿಗೆ ಚರ್ಮದ ಡಾಕ್ಟರು, ಔಷಧಿ, ರಬ್ಬರ್ ಗವಸು. ತೋರದಿದ್ದರೆ ಅಷ್ಟೂ ನದಿಯಾಚೆಯ ಓಣಿಯ ಪಾಲು.

ಬಿರಿದ ಕೈಗಳನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೆ ಕಂಡದ್ದನ್ನು ಬರೆಯುವಂತಿಲ್ಲ, ಅವರು ಹೇಳಿದ್ದನ್ನಷ್ಟೇ ಬರೆಯಬೇಕು. ಹೇಳಲು ಒಬ್ಬಳೂ ಬಾಯಿ ಬಿಡುತ್ತಿರಲಿಲ್ಲ.

ಮೊದಲು ಮನೆ ಮನೆಗೆ ಹೋಗಿ ಕೇಳಿದ್ದಳು. ಹೊರಗಿನವರು ಓಣಿಗೆ ಕಾಲಿಟ್ಟರೆ ಮೊದಲು ಓಣಿಯ ಮುಖ್ಯಸ್ಥನ ಮನೆಯಲ್ಲಿ ಹಾಜರಿ ಹಾಕಬೇಕು, ಅದು ಪದ್ಧತಿ. ಮುಖ್ಯಸ್ಥನ ಹೆಂಡತಿ ಬು ಮುರ್ತಿ, ಅಂದರೆ ಮುರ್ತಿಯಮ್ಮ, ಧಾರಾಳ ಮನಸ್ಸಿನ ಹೆಂಗಸು. ಕೈ ಕೂಡ ಪರರಿಗೆ ಕಾಣಬಾರದೆಂಬಂತೆ, ಸಂತೆಗೆ ಹೋಗುವಾಗಲೂ ಕಸೂತಿ ಹೂವಿನ ಕೈಗವಸು ತೊಡುವ ದೈವಭಕ್ತೆ. "ಒಬ್ಳೇ ಹೋಗ್ತೀಯಾ? ಛೆ, ನಾನೂ ಬರ್ತೀನಿ ಬಾ ಮಗಳೇ" ಎಂದು ಪ್ರತಿ ಮನೆಗೂ ಜೊತೆಗೆ ಬಂದರು. ಬಣ್ಣದ ಶೆಡ್ಡು ಅವರ ಮೈದುನನದು. ಯಜಮಾನನ ಅತ್ತಿಗೆ ಪಕ್ಕದಲ್ಲೇ ಕೂತಿರುವಾಗ ಯಾರು ತಾನೇ ಕಷ್ಟ ಹೇಳಿಕೊಳ್ಳುತ್ತಾರೆ? ಎಲ್ಲ ಮನೆಯಲ್ಲೂ ಸಿಹಿ ಚಹಾ ಬಂತು, ಕರಿದ ಬಾಳೆಹಣ್ಣು ಬಂತು, "ಏನೂ ತೊಂದ್ರೆ ಇಲ್ಲ" ಎಂಬ ಉತ್ತರವೂ ಬಂತು. ಚಹಾ ಕೊಟ್ಟ ಕೈಗಳು ಮಾತ್ರ ಕೂಡಲೇ ತಟ್ಟೆಯ ಅಡಿಗೆ ಸರಿಯುತ್ತಿದ್ದವು.

ಆಮೇಲೆ ಫೋನು. ಇಪ್ಪತ್ತೆರಡು ಕರೆ ಮಾಡಿದರೆ ಹದಿನೇಳನ್ನು ಗಂಡಂದಿರೇ ಎತ್ತಿದರು.

"ಒಬ್ಬ, ನಿಂಗೆ ಮದುವೆ ಆಗಿದ್ಯಾ ಅಂತ ಕೇಳ್ದ" ಎಂದಳು ಪಲುಪಿ.

"ಅದನ್ನೂ ನಮೂನೇಲಿ ಬರ್ಕೊಂಡ್ಯಾ ಅಕ್ಕಾ?" ಎಂದ ಜೊತೆಯ ಸಂಶೋಧಕ ದಾನಂಗ್.

ಕೊನೆಗೆ ಕಾಗದ ಹಂಚಿದರು. ಮೂವತ್ತೂ ಕಾಗದ ಮರುದಿನವೇ ತುಂಬಿ ಬಂದವು, ಎಲ್ಲದರಲ್ಲೂ ಒಂದೇ ಮುದ್ದಾದ ಅಕ್ಷರ.

"ನಾನೇ ತುಂಬ್ಸಿ ಕೊಟ್ಟೆ" ಎಂದರು ಬು ಮುರ್ತಿ. "ಪಾಪ, ಅವ್ರಿಗೆ ಪುರುಸೊತ್ತೆಲ್ಲಿ?"

ಪಲುಪಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೆಳಗಿನಿಂದ ಓಣಿಯ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆದಿದ್ದಳು. ಐದನೆಯ ಸಲ ಹೊರಟಾಗ ಬಟ್ಟೆಗೆ ಹಚ್ಚುವ ಮೇಣ ಕರಗಿಸುವ ಒಲೆಯ ಮುಂದೆ ಕೂತಿದ್ದ ಯು ವಾರ್ಸಿ ತಡೆದಳು. ಓಣಿಗೆಲ್ಲ ಹಿರಿಯಳು, ಅದಕ್ಕೇ ಎಲ್ಲರಿಗೂ 'ಯು', ಅಂದರೆ ಅಕ್ಕ; ಯಾರ ಹಂಗೂ ಇಟ್ಟುಕೊಳ್ಳದ ಬಾಯಿ.

"ಬಾಲ ಸುಟ್ಟ ಬೆಕ್ಕಿನ ಹಾಗೆ ಯಾಕೆ ಸುತ್ತುತ್ತಿದ್ದೀಯೇ? ಕೂತ್ಕೋ. ನಮ್ಮಜ್ಜಿ ಕಾಲದಲ್ಲಿ ಊರ ಮುಖಂಡನ್ನ ಹೇಗೆ ಆರಿಸ್ತಿದ್ರು ಗೊತ್ತಾ? ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಟೊಳ್ಳು ಬೊಂಬು. ಪೊರಕೆ ಕಡ್ಡಿ ಹಿಡ್ಕೊಂಡು ಪರದೆ ಹಿಂದೆ ಹೋಗೋದು, ಬೇಕಾದ ಬೊಂಬಿಗೆ ಹಾಕೋದು, ಬರೋದು. ಗಂಡನಿಗೂ ಗೊತ್ತಾಗ್ತಿರ್ಲಿಲ್ಲ. ನೀವು ಓದ್ದೋರು ಸೀದಾ ಬಾಯಿಗೇ ಕೈ ಹಾಕ್ತೀರಿ."

ಪಲುಪಿ ಎದ್ದೇಬಿಟ್ಟಳು.

ಮೂವತ್ತು ಜನ ನಿಲ್ಲುವಷ್ಟು ಜಗಲಿ ಇದ್ದದ್ದು ಬು ಮುರ್ತಿಯವರ ಮನೆಯಲ್ಲಿ ಮಾತ್ರ. ಏನನ್ನುತ್ತಾರೋ ಎಂದು ಅಳುಕುತ್ತಲೇ ಕೇಳಿದಳು. ಅವರು ಗವಸಿನ ಅಂಚನ್ನು ಎಳೆದುಕೊಳ್ಳುತ್ತ, "ಮಾಡು" ಎಂದರು. ಆಮೇಲೆ, "ಬೆಳಿಗ್ಗೆ ಹೊತ್ತು ಹಿತ್ತಲಲ್ಲಿ ನಾನೂ ಬಣ್ಣ ಹಾಕೋಳೇ ಅಲ್ವಾ? ನಂಗೂ ಒಂದು ಕಡ್ಡಿ ಕೊಡು" ಎಂದರು.

ಅಡ್ಡಕ್ಕೆ ಬಟ್ಟೆ ಕಟ್ಟಿ, ಅದರ ಹಿಂದೆ ಎರಡು ಬೊಂಬು ನಿಲ್ಲಿಸಿದರು. ಎಡಗಡೆಯದು 'ಕೈ ತೊಂದರೆ ಇದೆ', ಬಲಗಡೆಯದು 'ಇಲ್ಲ'. ಒಬ್ಬೊಬ್ಬಳೇ ಒಳಗೆ ಹೋಗಿ ಬಂದಳು. ಯು ವಾರ್ಸಿ, "ನನ್ ಮದುವೆಗೂ ಹೀಗೇ ಕೇಳಿದ್ರೆ ಚೆನ್ನಾಗಿತ್ತು" ಎಂದಾಗ ಸಾಲಿಗೆ ಸಾಲೇ ನಕ್ಕಿತು. ಆ ಹೊತ್ತಿಗೆ ಗೇಟಿನ ಬಳಿ ಬೈಕು ನಿಂತು ನಗು ಉಡುಗಿತು. ಶೆಡ್ಡಿನ ಯಜಮಾನ ಇಳಿಯಲಿಲ್ಲ. ಎಷ್ಟು ಬಂತು ಎಂದು ಕೇಳಿಕೊಂಡು ಹೋಗಲು ಬಂದವನಂತೆ ಕೂತೇ ಇದ್ದ.

ಮೂವತ್ತೊಂದನೆಯ ಕಡ್ಡಿ ಬಿದ್ದ ಮೇಲೆ ಪಲುಪಿ ಒಳಗೆ ಹೋದಳು. ಎಡಗಡೆಯ ಬೊಂಬಿನಲ್ಲಿ ಕಡ್ಡಿಗಳು ಒತ್ತಾಗಿ ನಿಂತಿದ್ದವು. ಬಲಗಡೆಯದನ್ನು ಎತ್ತಿದಳು, ಹಗುರ. ಕಣ್ಣಿಟ್ಟು ನೋಡಿದಳು. ಒಂದೂ ಇಲ್ಲ.

ಖುಷಿಪಡುವ ಬದಲು ಅವಳು ಪರದೆಯ ಸಂದಿಯಿಂದ ಬೈಕಿನ ಮೇಲಿದ್ದ ಯಜಮಾನನತ್ತ ನೋಡಿದಳು. ಯಾರದು ಯಾವ ಕಡ್ಡಿ ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಎಲ್ಲರೂ ಒಂದೇ ಕಡೆ ಹಾಕಿದ ಮೇಲೆ ಮುಚ್ಚಿಡುವುದು ಏನನ್ನು? ಮೂವತ್ತೊಂದು ಎಂದು ಹೊರಗೆ ಹೇಳಿದರೆ ಮೂವತ್ತೊಂದು ಹೆಸರು ಓದಿದಂತೆಯೇ. ನಾಳೆ ಶೆಡ್ಡಿನಿಂದ ಯಾರನ್ನು ಹೊರಗೆ ಹಾಕಬೇಕೆಂದು ಆ ಮನುಷ್ಯನಿಗೆ ಅವಳೇ ಪಟ್ಟಿ ಕೊಟ್ಟಂತಾಗುತ್ತದೆ. ಒಂದೇ ಒಂದು ಕಡ್ಡಿ ಆಚೆಯ ಬೊಂಬಿನಲ್ಲಿ ಇದ್ದಿದ್ದರೂ ಸಾಕಿತ್ತು. ಎಡಗಡೆಯಿಂದ ಒಂದನ್ನು ಎಳೆದು ಬಲಗಡೆಗೆ ಒಯ್ದಳು.

ಮುಂಗೈಯನ್ನು ಯಾರೋ ಹಿಡಿದರು. ಬು ಮುರ್ತಿ.

"ಏನೇ ಮಾಡ್ತಿದ್ದೀಯ?"

"ಬು, ಒಂದಾದ್ರೂ ಅಲ್ಲಿರ್ಲಿ" ಪಲುಪಿ ಪಿಸುಗುಟ್ಟಿದಳು. "ಆಗ ಯಜಮಾನ ಕೇಳಿದ್ರೆ ಎಲ್ರೂ, ಅದು ನಂದೇ ಅಂತ ಅನ್ಬಹುದು. ನೀವೂ ಅನ್ಬಹುದು."

ಬು ಮುರ್ತಿ ಕೈ ಬಿಟ್ಟು, ತಮ್ಮ ಬಲಗೈ ಗವಸನ್ನು ಬೆರಳು ಬೆರಳಾಗಿ ಬಿಡಿಸತೊಡಗಿದರು. ನೂಲು ಚರ್ಮಕ್ಕೆ ಅಂಟಿದ್ದ ಕಡೆ ಮುಖ ಕಿವುಚಿಕೊಂಡರು. ಉಗುರಿನ ಸುತ್ತ ನೀಲಿ ಕಟ್ಟಿತ್ತು. ಅಂಗೈ ಬಿರಿದು ಕೆಂಪಗೆ ಒಸರುತ್ತಿತ್ತು.

"ಆರು ವರ್ಷ ಆಯ್ತು. ಎಲ್ರೂ ಭಕ್ತಿ ಅಂದ್ರು, ನಾನೂ ಹೂಂ ಅಂದೆ. ನಿನ್ ಜೊತೆ ಮನೆ ಮನೆಗೆ ಬಂದು ಅವ್ರ ಬಾಯೂ ಮುಚ್ಚಿಸ್ದೆ. ಇವತ್ತು ಒಂದು ಸಲ ನಿಜ ಹೇಳಿದ್ದೀನಿ ಮಗಳೇ. ನಿನ್ ಕೈಲಿರೋದು ನನ್ನ ಕಡ್ಡೀನೇ ಆಗಿದ್ರೆ?"

ಪಲುಪಿ ನಾಚಿಕೆಯಿಂದ ಕುಗ್ಗಿಹೋದಳು. ಕಡ್ಡಿಯನ್ನು ತೆಗೆದಲ್ಲೇ ಇಟ್ಟಳು.

ಬು ಮುರ್ತಿ ಖಾಲಿ ಬೊಂಬನ್ನು ಗವಸಿಲ್ಲದ ಕೈಯಲ್ಲಿ ಹಿಡಿದು, ಪರದೆ ಸರಿಸಿ, ಜಗಲಿ ಇಳಿದು, ಬೈಕಿನ ಎದುರು ಹೋಗಿ ನಿಂತರು. "ನೀನು ಕೇಳೋಕೆ ಬಂದಿದ್ದು ಇದನ್ನೇ ಅಲ್ವಾ? 'ಇಲ್ಲ' ಅನ್ನೋ ಬೊಂಬು ಇದು, ನೋಡ್ಕೋ" ಎಂದು ಅದನ್ನು ಬೋರಲು ಮಾಡಿ ಒಮ್ಮೆ ಜಾಡಿಸಿದರು. ಏನೂ ಬೀಳಲಿಲ್ಲ. ಮೈದುನ ಬೊಂಬನ್ನು ನೋಡಲೇ ಇಲ್ಲ, ಅತ್ತಿಗೆಯ ಕೈಯನ್ನೇ ನೋಡುತ್ತ ಕೂತಿದ್ದ.