ಮೂರರಲ್ಲಿ ದೊಡ್ಡದು

ಚಾದ ಮೇಲೆ ಕಟ್ಟಿದ ಕೆನೆಯನ್ನು ಬೆರಳಿನಲ್ಲಿ ಎತ್ತಿ ತಟ್ಟೆಯ ಅಂಚಿಗೆ ಒರೆಸಿ, ಅದೇ ಬೆರಳಿನಲ್ಲಿ ನನ್ನ ಲ್ಯಾಬಿನ ಕೀಬೋರ್ಡು ಒತ್ತುತ್ತಾರೆ ಈ ಪ್ರೇಮನಾಥ ಸಾರ್, ಥೂ, ಬೇರೆ ಶಾಲೆಯಿಂದ ಪ್ಲಸ್ ಟು ಕಂಪ್ಯೂಟರ್ ಪ್ರಾಕ್ಟಿಕಲ್ ಪರೀಕ್ಷೆ ಮಾಡಲು ಬಂದವರು, ಬೆಳಿಗ್ಗೆಯಿಂದ ಭಾಷಣ — ಪೈಥಾನ್ ಅಂದ್ರೆ ಎಂತ ರಶ್ಮಿತಾ ಟೀಚರೇ, ಅದು ಮಕ್ಕಳಾಟಿಕೆ, ಸಿ ಪ್ಲಸ್ ಪ್ಲಸ್ ಬರೆಯುವವರಿಗೆ ಮಾತ್ರ ತಲೆ ಉಂಟು — ತಲೆಯಂತೆ, ಪರದೆಯ ಮೇಲೆ ಒಂದು ನಮಸ್ಕಾರ ತೋರಿಸಲು ಅಷ್ಟುದ್ದ ಪೀಠಿಕೆ ಬೇಡುವ ಭಾಷೆ, ಸಣ್ಣ ತಪ್ಪಿಗೆ ಪುಟಗಟ್ಟಲೆ ಬೈಗುಳ, ಕಲಿಸಿ ಕಲಿಸಿ ನನಗೆ ಹೇಸಿಗೆ ಹುಟ್ಟಿದೆ, ಜಾವಾ ಅದಕ್ಕಿಂತಲೂ ಕಡೆ, ಒಂದು ಲೋಟ ನೀರಿಗೂ ಅರ್ಜಿ ಕೊಡಿ ಎನ್ನುವ ಜಾತಿ, ಜಾವಾಸ್ಕ್ರಿಪ್ಟ್ ನಮ್ಮ ಭಾವನ ಹಾಗೆ, ಸಂಖ್ಯೆಗೆ ಹೆಸರು ಕೂಡಿಸಿದರೂ ಹೂಂ ಎನ್ನುತ್ತದೆ, ಆಮೇಲೆ ಕೈಕೊಡುತ್ತದೆ, ಪೈಥಾನ್ ಒಂದೇ ಮನುಷ್ಯರ ಮಾತಿನ ಹತ್ತಿರ ಬರುವುದು, ನಿಧಾನವಂತೆ, ಇರಲಿ, ನಮ್ಮೂರು ಕುಂಬ್ಡಾಜೆಯ ಬಸ್ಸಿಗಿಂತ ಬೇಗ ಓಡುತ್ತದೆ.

ನನ್ನ ಕ್ಲಾಸಿನ ಅಮೂಲ್ಯಾ ಇವತ್ತು ಪರೀಕ್ಷೆಯ ಪ್ರೋಗ್ರಾಮನ್ನು ಪೈಥಾನಿನಲ್ಲೇ ಬರೆದುಬಿಟ್ಟಳು. ಹತ್ತನೆಯವರೆಗೆ ಪೈಥಾನ್ ಕಲಿಸಿ ಪ್ಲಸ್ ವನ್ನಿಗೆ ಬಂದ ಕೂಡಲೇ ಸಿ ಪ್ಲಸ್ ಪ್ಲಸ್ ಎಂದರೆ ಹುಡುಗಿ ಏನು ಮಾಡಬೇಕು, ಗಾಬರಿಯಲ್ಲಿ ಕೈ ಹಳೆಯದಕ್ಕೇ ಹೋಯಿತು, ಮೂರು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕಬೇಕು, ಹುಡುಕಿದ್ದಾಳೆ, ಯಾವ ಮೂರು ಕೊಟ್ಟರೂ ಸರಿ, ಉತ್ತರ ಸರಿ ಉಂಟಲ್ಲ ಸಾರ್ ಎಂದೆ, ಮಲಯಾಳದಲ್ಲಿ ಬಂದ ಪರೀಕ್ಷೆಯ ಸುತ್ತೋಲೆಯ ಮೇಲೆ ಸಾರಿನ ಅದೇ ಬೆರಳು, ಇದರಲ್ಲಿ ಪೈಥಾನ್ ಇಲ್ಲ ಟೀಚರೇ, ಸೊನ್ನೆಯೇ, ನಾನು ಎಂತ ಮಾಡ್ಲಿ — ಅಮೂಲ್ಯಾ ಬಾಗಿಲ ಬಳಿ ಶಾಲಿನ ತುದಿ ಕಚ್ಚುತ್ತ ನಿಂತಿದ್ದಾಳೆ, ಇದರಲ್ಲಿ ಫೇಲಾದರೆ ಮುಂದಿನ ಕಾಲೇಜು ಇಲ್ಲ — ಅಗೋ ಆ ಭವ್ಯಶ್ರೀದು ನೋಡಿ ಮಾರಾಯ್ರೆ, ಅದು ಪ್ರೋಗ್ರಾಮ್ ಅಂದ್ರೆ, ಪೂರ್ತಿ ಮಾರ್ಕು ಕೊಟ್ಟೆ.

ನೋಡುತ್ತೇನೆ, ಬೇಕೆಂದೇ ಹೋಗಿ ಭವ್ಯಶ್ರೀಯ ಕಂಪ್ಯೂಟರಿನ ಮುಂದೆ ಕೂರುತ್ತೇನೆ, ಚಂದ ಉಂಟು, ಆವರಣಗಳೆಲ್ಲ ಪುಸ್ತಕದ ಹಾಗೆ ಸಾಲಾಗಿ, ಪರೀಕ್ಷಿಸಲು ಸಾರ್ ಹತ್ತು ಇಪ್ಪತ್ತು ಮೂವತ್ತು ಕೊಟ್ಟಿದ್ದಾರೆ, ಎಲ್ಲರೂ ಅದನ್ನೇ ಕೊಡುವುದು, ನಾನು ಐವತ್ತು, ಏಳು, ಒಂಬತ್ತು ಕೊಡುತ್ತೇನೆ, ಪರದೆ ಹೇಳುತ್ತದೆ, ದೊಡ್ಡ ಸಂಖ್ಯೆ ಮೂವತ್ತು, ಏನಿದು, ನೂರು, ಎರಡು, ಮೂರು, ಮೂವತ್ತು — ಒಳಗೆ ಹೋಲಿಕೆಯೇ ಇಲ್ಲ, ಮೂರನ್ನೂ ಕೇಳಿ ಪಡೆಯುತ್ತದೆ, ಒಂದನ್ನೂ ನೋಡುವುದಿಲ್ಲ, ಕೊನೆಯ ಸಾಲಿನಲ್ಲಿ ಮೂವತ್ತೆಂದೇ ಬರೆದಿಟ್ಟಿದೆ, ಥೂ, ಇದಕ್ಕೆ ಪೂರ್ತಿ ಮಾರ್ಕು, ಸಾರ್ ಇಲ್ಲಿ ಬನ್ನಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಭವ್ಯಶ್ರೀ ಪಕ್ಕದಲ್ಲಿ ಬಗ್ಗುತ್ತಾಳೆ, ಸರಿ ಉಂಟಲ್ವಾ ಟೀಚರ್, ನೀವು ಬಾಯಿಪಾಠ ಮಾಡಿಸುವಾಗ ಕಡೆಗೆ ಮೂವತ್ತು ಬರ್ಬೇಕು ಅಂತ ಹೇಳಿದ್ದಲ್ವಾ — ಹೌದು, ಹೇಳಿದ್ದೆ, ಪ್ರತಿ ವರ್ಷ, ಎಲ್ಲ ಮಕ್ಕಳಿಗೂ, ಸಾರನ್ನು ಕರೆದರೆ ಇವಳಿಗೂ ಸೊನ್ನೆ, ಕರೆಯದಿದ್ದರೆ ಬಾಗಿಲ ಬಳಿಯವಳಿಗೆ ಮಾತ್ರ, ಈಗ ಯಾವ ಭಾಷೆಯನ್ನು ಬೈಯಲಿ, ಎಂತ ಟೀಚರೇ, ಎಂತಾದ್ರೂ ತಪ್ಪುಂಟಾ, ಸಾರ್ ಎದ್ದು ಬರುತ್ತಿದ್ದಾರೆ, ನನ್ನ ಬೆರಳು ತಾನಾಗಿ ಒತ್ತುತ್ತಿದೆ, ಒಂದು, ಒಂದು, ಒಂದು, ಮೂವತ್ತು, ಸೊನ್ನೆ, ಸೊನ್ನೆ, ಸೊನ್ನೆ, ಮೂವತ್ತು —