ಹಸಿಯದ ಕೌದಿಯ ಲೋಗೋ

೧
ಎಲ್ಲಿಂದ ಶುರು ಮಾಡಲಿ? ಮಸ್ಕಿ ಬೆಟ್ಟದ ಬಂಡೆ ಮೇಲೆ ಕೂತ ರೂಪದರ್ಶಿಯಿಂದಲೋ, ಅವಳ ಜಾಕೆಟ್ಟಿನತ್ತ ಹೊರಟ ಇರುವೆಗಳಿಂದಲೋ? ಇರುವೆಯಿಂದ ಶುರುವಾಗುವ ಕಥೆಯನ್ನು ಯಾವ ಸಂಪಾದಕ ಓದುತ್ತಾನೆ? (ನನಗೆ ಎಪ್ಪತ್ನಾಲ್ಕು. ಸಂಪಾದಕರ ಭಯ ಹೋಗಿ ಬಹಳ ದಿನವಾಯಿತು.)

೨
ಮೊದಲ ಕರಡು: “ವಸೀಮಾ ಸಿಂಧನೂರಿನ ಪ್ರತಿಭಾವಂತ ವಿನ್ಯಾಸಕಿ.” ಹೊಡೆದುಹಾಕಿದೆ. ಸರ್ಟಿಫಿಕೇಟ್ ಬರೆದಂತಿತ್ತು.

ವಿಷಯ ಇಷ್ಟೇ. ಮಸ್ಕಿಯ ಹನ್ನೆರಡು ಹೆಂಗಸರು ಹಳೆ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಾರೆ. ಅವರಿಂದಲೇ ಕೌದಿಯಂಥ ಜಾಕೆಟ್ಟುಗಳನ್ನು ಹೊಲಿಸಿ ವಸೀಮಾ ಹೈದರಾಬಾದಿನ ಅಂಗಡಿಯೊಂದಕ್ಕೆ ತೋರಿಸಿದಳು. ಜಾಕೆಟ್ ಹಿಡಿಸಿತು, ಲೋಗೋ ಹಿಡಿಸಲಿಲ್ಲ. ನವಿಲು, ಸೂಜಿ, ಭತ್ತದ ತೆನೆ, ಮೂರೂ ವಾಪಸ್. ಬೆಟ್ಟಕ್ಕೆ ಹೋದ ದಿನ ಸಂಜೆಯೊಳಗೆ ಹೊಸ ಲೋಗೋ ಮತ್ತು ಜಾಹೀರಾತಿನ ಫೋಟೋ ಹೋಗದಿದ್ದರೆ ಹನ್ನೆರಡೂ ಜನರ ಕೆಲಸ ನಿಂತಂತೆ.

೩
ಕ್ಯಾಮೆರಾ ಹಿಡಿದವನು ಲಿಂಗಸುಗೂರಿನ ದುರುಗೇಶ, ಹದಿನೈದು ವರ್ಷ ಮದುವೆ ಫೋಟೋ ತೆಗೆದವನು. ರೂಪದರ್ಶಿ ಅನುಪಮಾ ಹಟ್ಟಿಯ ಬ್ಯಾಂಕಿಗೆ ರಜೆ ಹಾಕಿ ಬಂದಿದ್ದಳು.

“ಮೇಡಂ, ತಲಿ ತಗ್ಸಿ ಸ್ವಲ್ಪ ನಾಚ್ಕೋರಿ.”

“ಯಾರ್ನ ನೋಡಿ ನಾಚ್ಲಿರೀ? ನಿಮ್ಮನ್ನೇನು?”

“ದುರುಗೇಶಣ್ಣ, ಇದು ಫ್ಯಾಶನ್ ಶೂಟ್,” ಎಂದಳು ವಸೀಮಾ. “ಅಕ್ಕಿಕಾಳು ಹಾಕೂದೊಂದು ಬಾಕಿ ಐತಿ ನೋಡ್.”

ಅವನು ನಕ್ಕು, ಬಂಡೆ ಸುಡುತ್ತದೆಂದು ತನ್ನ ಬಿಳಿ ಟವೆಲ್ಲನ್ನು ಅನುಪಮಾಳ ಬರಿಗಾಲಿನ ಕೆಳಗೆ ಹಾಸಿದ. (ಇಂಥದ್ದನ್ನೆಲ್ಲ ಕಥೆಯಿಂದ ಬಿಡಬೇಕು ಎನ್ನುತ್ತಾರೆ ಬಲ್ಲವರು. ನಾನು ಬಿಡುವುದಿಲ್ಲ.)

೪
ಈಗ ಇರುವೆ. ಬಂಡೆಯ ಬಿರುಕಿನಿಂದ ಹೊರಟ ಕರಿ ಸಾಲು ಟವೆಲ್ ಹತ್ತಿ, ಸೀದಾ ಜಾಕೆಟ್ಟಿನ ಮೂಲೆಗೆ ಬಂತು. ವಸೀಮಾ ಮೂಲೆ ಒತ್ತಿ ನೋಡಿದಳು. ಒಳಗೇನೋ ಗಟ್ಟಿ.

“ಆಯೀ, ಇದ್ರಾಗ ಏನ್ ಹಾಕೀರಿ?”

ಜಾಕೆಟ್ ಹೊಲಿದ ಬಸವಣ್ಣೆಮ್ಮ ನೆರಳಲ್ಲಿ ಕೂತಿದ್ದರು. “ರೊಟ್ಟಿ ಚೂರು.”

“ರೊಟ್ಟಿ! ಎಲ್ಲಾ ಜಾಕೆಟ್ಟಿಗೂ?”

“ಮತ್ತ? ಒಂದಕ್ಕ ಉಣಿಸಿ ಒಂದನ್ನ ಉಪಾಸ ಕೆಡವ್ಲೇನು? ಹಸದ ಕೌದಿ ಯಾರಿಗೆ ಕಾವು ಕೊಡತೈತಬೇ?”

ಕೌದಿಯ ಮೂಲೆಯಲ್ಲಿ ರೊಟ್ಟಿ ಇಟ್ಟು ಹೊಲಿಯುವುದು ಅವರ ಓಣಿಯ ಪದ್ಧತಿ. ಜಾಕೆಟ್ಟಿಗೆ ಹಸಿವಿಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

೫
ಇಲ್ಲಿ ವಸೀಮಾಳನ್ನು ಅಳಿಸಬೇಕೆಂದಿದ್ದೆ. ಅವಳು ನಾನು ಬರೆಯುತ್ತಿದ್ದ ಹಾಳೆಯಿಂದಲೇ ತಲೆ ಎತ್ತಿದಳು.

“ಅಮ್ಮಾರ, ನಾ ಅಳಂಗಿಲ್ಲ.”

“ಕಥಿಗೆ ಒಂದೀಟು ಕಣ್ಣೀರು ಬೇಕವಾ.”

“ಹಂಗಾರ ನೀವಽ ಅಳ್ರಿ. ನಾ ಇರುವಿ ನೋಡಾಕತ್ತೀನಿ.”

ನಾನೂ ನೋಡಿದೆ. ಬಿಳಿ ಟವೆಲ್ಲಿನ ಮೇಲೆ ಒಂದು ಇರುವೆ, ಸ್ವಲ್ಪ ಜಾಗ, ಮತ್ತೊಂದು ಇರುವೆ. ಕೌದಿಯ ಹೊಲಿಗೆ ತಾನೇ ಎದ್ದು ನಡೆದು ಬರುತ್ತಿತ್ತು. ಅನುಪಮಾ ಝಾಡಿಸಲು ಕೈಯೆತ್ತಿದಳು.

“ಇರ್ಲಿ ಬಿಡ್ರಿ, ಊಟಕ್ಕ ಬಂದಾವ,” ಎಂದ ದುರುಗೇಶ ಬೋರಲಾಗಿ ಮಲಗಿ ಕ್ಲಿಕ್ ಮಾಡಿದ. ಅನುಪಮಾ ನಕ್ಕಳು. ಯಾರೂ ನಗಲು ಹೇಳಿರಲಿಲ್ಲ.

ವಸೀಮಾ ಅಲ್ಲೇ ಕೂತು ಲೋಗೋ ಬರೆದಳು: ಒಂದು ಚೌಕದ ಮೂಲೆ, ಅದರೊಳಕ್ಕೆ ಸಾಲಾಗಿ ಹೊರಟ ಏಳು ಪುಟ್ಟ ಗೆರೆ. ಏಳನೆಯದು ಕೊಂಚ ಸೊಟ್ಟ, ಬಸವಣ್ಣೆಮ್ಮನ ಹೊಲಿಗೆಯ ಹಾಗೆ.

೬
ಮುಕ್ತಾಯ ಒಂದು: ಅಂಗಡಿಯವರು ಒಪ್ಪಲಿಲ್ಲ. (ಬರೆದೆ, ಹರಿದೆ. ಇಷ್ಟು ಬಿಸಿಲುಂಡವರಿಗೆ ಅದು ಅನ್ಯಾಯ.)

ಮುಕ್ತಾಯ ಎರಡು: ಐದು ಗಂಟೆಗೆ ಫೋನು. ಲೋಗೋ ಪಾಸ್, ಫೋಟೋ ಪಾಸ್, ಇನ್ನೂರು ಜಾಕೆಟ್ ಬೇಕು! ವಸೀಮಾ ಹೊಡೆದ ಕೇಕೆ ಕೆಳಗೆ ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು. ಫೋಟೋದಲ್ಲಿ ಇರುವೆ ಯಾಕೆಂದು ಕೇಳಿ ತಿಳಿದುಕೊಂಡವರದ್ದು ಒಂದೇ ಷರತ್ತು, ಒಳಗೆ ರೊಟ್ಟಿ ಇರಬಾರದು.

“ಹಂಗಾರ ಅವರಽ ಹೊಲ್ಕೊಳ್ಳಿ,” ಎಂದರು ಬಸವಣ್ಣೆಮ್ಮ.

ಮೂಲೆ ಹೊಲಿಯುವುದು ಆಯಿಯ ಕೆಲಸ, ಅದರಲ್ಲಿ ತಾನು ಕೈ ಹಾಕುವುದಿಲ್ಲ ಎಂದು ವಸೀಮಾ ಫೋನಿಗೆ ಹೇಳಿದಳು. ಆ ಕಡೆಯಿಂದ ಉತ್ತರ: ಅಂಗಡಿಗೆ ಇರುವೆ ಬರದಿದ್ದರೆ ಸಾಕು, ಕಳಿಸಿ.

ಮುಕ್ತಾಯ ಮೂರು ನನ್ನ ಹತ್ತಿರ ಇಲ್ಲ. ಇನ್ನೂರೂ ಹೋದವು. ಈಗ ಮೂಲೆಯಲ್ಲಿ ಏನಿಡುತ್ತೀರಿ ಎಂದು ಮೊನ್ನೆ ಬಸವಣ್ಣೆಮ್ಮನನ್ನು ಕೇಳಿದೆ. ಹಲ್ಲಲ್ಲಿ ದಾರ ಕಚ್ಚಿಕೊಂಡೇ ನಕ್ಕರು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬಿದಿರಿನ ಪುಟ್ಟಿಯಿತ್ತು. ಎತ್ತಿ ನೋಡಬಹುದಿತ್ತು. ನೋಡಲಿಲ್ಲ.

ನೀವು ಆ ಜಾಕೆಟ್ ಕೊಂಡರೆ, ಲೋಗೋ ಇರುವ ಮೂಲೆಯನ್ನು ಒತ್ತಿ ನೋಡಿ. ಗಟ್ಟಿಯಿದ್ದರೆ ನನಗೆ ತಿಳಿಸಬೇಡಿ. ಹಾಕಿಕೊಂಡು ಓಡಾಡಿ.